ಆವಾಜ್ ಬಂದ್

ಹೊರಡುವ ಮೊದಲೇ ನಾನು ಉತ್ತರ ತುಂಬಿಬಿಟ್ಟಿದ್ದೆ. ವರದಿಯ ನಮೂನೆಯಲ್ಲಿ ಕೊನೆಯ ಪ್ರಶ್ನೆ ಹೀಗಿತ್ತು: ‘ಹಳೆಯ ಸರಣಿಗೆ ಹೋಲಿಸಿದರೆ ಹೊಸದು ಪ್ರೇಕ್ಷಕರಿಗೆ ಹೇಗೆನಿಸಿತು?’ ಎದುರಿಗೆ ಮೂರು ಚೌಕ: ಉತ್ತಮ, ಸಮ, ಕಡಿಮೆ. ‘ಉತ್ತಮ’ದ ಮೇಲೆ ಗುರುತು ಹಾಕಿ, ಮಡಿಚಿ ಜೇಬಿಗೆ ಸೇರಿಸಿದ್ದೆ. ಹಳೆಯದನ್ನು ಬರೆದವನೂ ನಾನೇ, ಹೊಸದನ್ನು ಬರೆದವನೂ ನಾನೇ. ಇದನ್ನು ಕೇಳಲು ಮೂರು ತಾಲ್ಲೂಕು ತಿರುಗಬೇಕೇ ಎಂದು ಮೈಯೆಲ್ಲ ಉರಿದಿತ್ತು.

ಹಳೆಯದೆಂದರೆ, ಎಪ್ಪತ್ತರ ದಶಕದ ನಡುವಿನ ಮಾತು. ಒಂದು ವರ್ಷದ ಮಟ್ಟಿಗೆ ನಮ್ಮ ಕಡೆಯ ಹಳ್ಳಿ ಶಾಲೆಗಳಿಗೆ ಉಪಗ್ರಹದ ಮೂಲಕ ಟಿ.ವಿ. ಬಂದಿತ್ತು. ಮಾಳಿಗೆಯ ಮೇಲೆ ತಂತಿ ಜಾಳಿಗೆಯ ದೊಡ್ಡ ಛತ್ರಿ, ಕೋಣೆಯೊಳಗೆ ಬೀಗ ಹಾಕುವ ಪೆಟ್ಟಿಗೆಯಲ್ಲಿ ಕಪ್ಪು-ಬಿಳುಪಿನ ಸೆಟ್. ಸಂಜೆ ಬೇಸಾಯದ್ದು, ಆರೋಗ್ಯದ್ದು ಬರುತ್ತಿತ್ತು; ವಾರಕ್ಕೊಮ್ಮೆ ಒಂದು ಕಥೆ. ಪ್ರತಿ ವಾರ ಬೇರೆಯೇ ಕಥೆ, ಬೇರೆಯೇ ಜನ. ‘ವಾರದ ಕಥೆ’ ಎಂದೇ ಅದರ ಹೆಸರು. ಮಾತು ಬರೆಯುವುದು ನನ್ನ ಕೆಲಸ. ವರ್ಷ ಮುಗಿಯಿತು, ಸರಣಿ ನಿಂತಿತು. ಆದರೆ ಆಳಂದದ ಕಡೆಯ ಹಳ್ಳಿಯವರು ಆ ಕಥೆಗಳನ್ನು ಇನ್ನೂ ನೆನೆಯುತ್ತಾರಂತೆ ಎಂಬ ಸುದ್ದಿ ಆಗೀಗ ಬರುತ್ತಿತ್ತು. ಆ ಒಂದು ‘ಅಂತೆ’ಯ ಮೇಲೆ ನಾನು ಹದಿನಾಲ್ಕು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದ್ದೆ.

ತೊಂಬತ್ತರ ಸುಮಾರಿಗೆ ಒಬ್ಬ ಖಾಸಗಿ ನಿರ್ಮಾಪಕರು ಅದನ್ನೇ ಬಣ್ಣದಲ್ಲಿ ಮತ್ತೆ ಮಾಡಲು ಹೊರಟರು. ಹದಿಮೂರು ಕಥೆಗಳು. ಮೊದಲನೆಯದನ್ನು ಮಾದರಿಗೆಂದು ತೆಗೆದಾಗಿತ್ತು. ಒಪ್ಪಿಗೆ ಕೊಡಬೇಕಾದ ಅಧಿಕಾರಿ ಒಂದೇ ಷರತ್ತು ಹಾಕಿದರು: ಹಳೆಯದನ್ನು ನೋಡಿದ ಹಳ್ಳಿಗಳಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿಗೊಂದರಂತೆ ಹೊಸದನ್ನು ತೋರಿಸಿ ಬನ್ನಿ. ಜನ ಕಡಿಮೆ ಎಂದರೆ ಉಳಿದ ಹನ್ನೆರಡು ಆಗುವುದಿಲ್ಲ.

ಒಂದು ವ್ಯಾನಿನಲ್ಲಿ ಇಪ್ಪತ್ತೊಂದು ಇಂಚಿನ ಬಣ್ಣದ ಸೆಟ್, ವಿ.ಸಿ.ಆರ್., ಸ್ಟೆಬಿಲೈಜರ್, ಕರೆಂಟು ಕೈಕೊಟ್ಟರೆ ಇರಲಿ ಎಂದು ಸಣ್ಣ ಜನರೇಟರ್, ಕಿಟಕಿಗೆ ಕಟ್ಟಲು ಕರಿ ಬಟ್ಟೆ. ನಾನು, ನಿರ್ಮಾಪಕರು, ಡ್ರೈವರ್. ನಾನು ಹುಟ್ಟಿದ್ದು ಆಳಂದದಲ್ಲೇ. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ. ಮೊದಲ ಕೆಲಸ ಕೇಳಲು ಹೋದಾಗ ‘ಬರ್ತೇನ್ರಿ’ ಎಂದದ್ದಕ್ಕೆ ಮೇಜಿನ ಆಚೆಗಿದ್ದ ಇಬ್ಬರು ನಕ್ಕಿದ್ದರು. ಅಂದಿನಿಂದ ನಾಲಿಗೆಯನ್ನು ಒಗೆದು, ಹಿಂಡಿ, ಒಣಹಾಕಿಬಿಟ್ಟಿದ್ದೆ.

ಮೊದಲ ಹಳ್ಳಿ ಆಳಂದ ತಾಲ್ಲೂಕಿನದು, ನಿಂಬರ್ಗಾ ದಾಟಿದ ಮೇಲೆ ಸಿಗುವಂಥದ್ದು. ತೊಗರಿ ರಾಶಿ ಮುಗಿದಿತ್ತು, ಮಂದಿಗೆ ಪುರುಸೊತ್ತಿತ್ತು. ಮಧ್ಯಾಹ್ನ ಮೂರಕ್ಕೆ ಶಾಲೆಯ ದೊಡ್ಡ ಕೋಣೆ ತುಂಬಿ ಕಿಟಕಿಯಲ್ಲೂ ತಲೆಗಳು. ನಮ್ಮ ಕಥೆ ಗಂಡನ ಮನೆಯಲ್ಲಿ ಜಗಳವಾಡಿ ತವರಿಗೆ ಬಂದ ಹುಡುಗಿಯದು. ಹತ್ತನೆಯ ನಿಮಿಷಕ್ಕೆ ಮನ ಕಲಕುವ ದೃಶ್ಯ. ಮಗಳು ಜಗಲಿಯ ಮೇಲೆ ತಲೆತಗ್ಗಿಸಿ ಕೂತಿದ್ದಾಳೆ. ಅಪ್ಪ ಹತ್ತಿರ ಬಂದು, ತಲೆ ನೇವರಿಸಿ, ಗದ್ಗದದಲ್ಲಿ ಕೇಳುತ್ತಾನೆ: “ತಿಂಡಿ ಆಯ್ತೇನಮ್ಮಾ?”

ಕೋಣೆಯಲ್ಲಿ ಎದ್ದ ನಗೆಗೆ ಮಾಳಿಗೆಯ ಮಣ್ಣು ಉದುರುವುದೊಂದು ಬಾಕಿ. ಮುಂದೆ ಕೂತಿದ್ದ ಅಜ್ಜಿ ಸೆಟ್ಟಿಗೇ ಕೈ ಮಾಡಿ ಕೂಗಿದಳು: “ಯವ್ವಾ, ಪಾಪ, ಹುಡುಗಿಗಿ ತಿಂಡಿ ಆಗ್ಯಾದಂತ! ಬೇವಿನ ತಪ್ಪಲ ಅರದು ಹಚ್ಚಂತ ಹೇಳ್ರೋ ಯಾರರ!”

ನಮ್ಮಲ್ಲಿ ಬೆಳಗಿನ ಉಪಾಹಾರಕ್ಕೆ ನಾಷ್ಟಾ ಅನ್ನುತ್ತಾರೆ. ತಿಂಡಿ ಎಂದರೆ ಮೈ ತುರಿಕೆ. ನನಗೆ ಗೊತ್ತಿರಲಿಲ್ಲವೇ? ಚಿಕ್ಕವನಿದ್ದಾಗ ನನಗೂ ತಿಂಡಿಯಾಗಿ ನನ್ನವ್ವ ಬೇವಿನ ತಪ್ಪಲನ್ನೇ ಅರೆದು ಹಚ್ಚಿದ್ದಳು! ಅಂಥ ಮಾತನ್ನು ನಾನು ಮರೆತಿದ್ದೆ. ಪಕ್ಕದಲ್ಲಿದ್ದ ನಿರ್ಮಾಪಕರು ದಕ್ಷಿಣದವರು. “ಯಾಕ್ ಸಾರ್ ನಗ್ತಾ ಇದಾರೆ? ಅಳಬೇಕಾದ ಸೀನಲ್ವಾ?” ಎಂದು ಕೇಳಿದರು. ಕೊನೆಯ ತನಕ ಆ ಹುಡುಗಿ ಪರದೆಯ ಮೇಲೆ ಬಂದಾಗಲೆಲ್ಲ ಯಾರೋ ಒಬ್ಬರು ಕೆರೆದುಕೊಳ್ಳುವವರಂತೆ ಮಾಡಿ ನಗಿಸುತ್ತಿದ್ದರು.

ಮುಗಿದ ಮೇಲೆ ಮಾತಾಡಿಸಲು ಹತ್ತು ಮಂದಿಯನ್ನು ಉಳಿಸಿಕೊಂಡೆವು. ಅವರಲ್ಲಿ ಹಿಟ್ಟಿನ ಗಿರಣಿಯವನೊಬ್ಬ, ನಲವತ್ತರ ಆಸುಪಾಸಿನವನು, ಹುಬ್ಬಿನ ಮೇಲೂ ಹಿಟ್ಟು. ಮಾತಿಗೆ ಅವನೇ ಮುಂದಾದ.

“ಬಣ್ಣ ಛಲೋ ಅದಾವ್ರಿ. ಖರೆ ಹೇಳ್ಬೇಕಂದ್ರ, ಹಳೀ ವಾರದ ಕಥಿ ಮುಂದ ಇದು ಏನೂ ಇಲ್ರಿ.”

ನೋಯಿತು, ಹಿತವೂ ಆಯಿತು. ಸೋತವನೂ ನಾನೇ, ಗೆದ್ದವನೂ ನಾನೇ. ಹಳೆಯದರಲ್ಲಿ ಯಾವುದು ನೆನಪಿದೆ ಎಂದು ಕೇಳಿದೆ.

“ಸೂಲಗಿತ್ತಿದು. ಕಡೀಕ ಸೂಲಗಿತ್ತಿ ನರ್ಸಬಾಯಿಗಿ ಅಂತಾಳಲ್ರಿ, ‘ನೀ ಕತ್ತರಿ ಕುದಸ್ತಿ, ನಾ ಹೆದರಿದ ಹುಡುಗಿ ಕೈ ಹಿಡಿತೇನಿ. ಒಬ್ಬರಿಂದ ಹೆರಿಗಿ ಮಾಡ್ಸೋದು ಆಗಂಗಿಲ್ಲ, ನಡಿ ಇಬ್ರೂ ಕೂಡಿ ಹೋಗಮು’ ಅಂತ. ನಮ್ಮವ್ವ ಅದನ್ನ ಕೇಳಿ ಅತ್ತಿದ್ದಳ್ರಿ.”

“ಅಲ್ಲಪ್ಪಾ, ಹಾಗಿಲ್ಲ,” ಎಂದೆ. “ಸೂಲಗಿತ್ತಿ ಕೊನೆಗೆ ಕೈಮುಗಿದು ತನ್ನ ತಪ್ಪು ಒಪ್ಪಿಕೊಳ್ಳುತ್ತಾಳೆ. ಎಲ್ಲರೂ ಆಸ್ಪತ್ರೆಗೆ ಹೋಗಬೇಕು ಎನ್ನುತ್ತಾಳೆ.”

“ಯಾರಂದ್ರು ನಿಮಗ?”

“ಯಾರಂದರು ಅಂದರೆ? ಬರೆದವನೇ ನಾನು!”

“ಹಂಗಾರ ನಿಮಗ ಮರ್ತದ ಬಿಡ್ರಿ,” ಎಂದ ಗಿರಣಿಯವ, ಸಮಾಧಾನ ಮಾಡುವ ದನಿಯಲ್ಲಿ. ಸುತ್ತಲಿದ್ದವರು ನಕ್ಕರು. ಬೇವಿನ ತಪ್ಪಲಿನ ಅಜ್ಜಿಯೂ ಸೂಲಗಿತ್ತಿಯ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸಿದಳು. ಇನ್ನೆರಡು ಕಥೆ ಕೇಳಿದೆ. ಅವೂ ನನ್ನವೇ, ನನ್ನವಲ್ಲ. ನಾನು ಬರೆದದ್ದು ಎಲ್ಲಿ ಉಪದೇಶಕ್ಕಿಳಿದು ಸತ್ತಿತ್ತೋ ಅಲ್ಲೆಲ್ಲ ಇವರ ಕಥೆಯಲ್ಲಿ ಮನುಷ್ಯರು ಮಾತಾಡುತ್ತಿದ್ದರು. ಈ ಮಾತೆಲ್ಲ ಟಿ.ವಿ.ಯಲ್ಲಿ ಕೇಳಿದಿರಾ ಎಂದೆ.

“ಟಿ.ವಿ.ಯಾಗ ಎಲ್ಲಿದ್ರಿ! ನಮ್ಮಣ್ಣ ಹೇಳ್ತಿದ್ದ. ಸಾಲಿ ಜವಾನ ಇದ್ದ ಅವ, ಪೆಟ್ಟಿಗಿ ಚಾವಿ ಅವನ ಬಲ್ಲೇ ಇರ್ತಿತ್ತು. ಮೊದ್ಲ ಎರಡು ವಾರ ಯಾರಿಗೂ ತಿಳೀಲಿಲ್ಲ, ಮಂದಿ ಎದ್ದು ಹೊಂಟ್ರು. ಮೂರನೇ ವಾರ ನಮ್ಮಣ್ಣ ಆವಾಜ್ ಬಂದ್ ಮಾಡಿದ. ಪೂರಾ ಬಂದ್ ಅಲ್ರಿ, ತನಗಷ್ಟೇ ಕೇಳೂವಂಗ. ಪೆಟ್ಟಿಗಿಗಿ ಕಿವಿ ಹಚ್ಚಿ ಕೂತು ಅವರಂದಿದ್ದು ಇವ ಹೇಳ್ತಿದ್ದ. ಗಂಡಸಿಗಿ ಗಂಡಸಿನ ದನಿ, ಹೆಂಗಸಿಗಿ ಹೆಂಗಸಿನ ದನಿ. ಅವರ ಮಾತು ಮನಸ್ಸಿಗಿ ಸೇರಲಿಲ್ಲಂದ್ರ ತನ್ನದೇ ಹೇಳ್ತಿದ್ದ.”

ಬೆಂಚಿನ ಅಂಚು ಹಿಡಿದುಕೊಂಡೆ. ಹದಿನಾಲ್ಕು ವರ್ಷ ನಾನು ಹೊತ್ತು ತಿರುಗಿದ ಹೆಸರು ಒಬ್ಬ ಜವಾನನದು.

ಅದು ಅಲ್ಲಿಗೇ ಮುಗಿಯಲಿಲ್ಲ. ಅಣ್ಣ ಈಗ ಎಲ್ಲಿ ಎಂದು ನಿರ್ಮಾಪಕರು ಕೇಳಿದರು. ಗಿರಣಿಯವನ ಮುಖ ಇಳಿಯಿತು.

“ಜೇವರ್ಗಿ ಬಸ್‌ಸ್ಟ್ಯಾಂಡಿನಾಗ ಅದಾನ್ರಿ. ಮ್ಯಾಲಿಂದ ಕಾಗದ ಬಂತು, ಇವನ ಕೈಯಾಗ ಚಾವಿ ಇರಬಾರ್ದು ಅಂತ. ಹಂಗಾಮಿ ನೌಕರಿ, ಚಾವಿ ಹಿಂದ ನೌಕರೀನೂ ಹೋತು. ಅವತ್ತಿನಿಂದ ನನ್ನ ಸಂಗಟ ಮಾತು ಬಿಟ್ಟಾನ. ಯಾಕಂತ ಇವತ್ತಿನ ತನಕ ಗೊತ್ತಿಲ್ರಿ. ನಾಕು ಸಲ ಹುಡುಕ್ಕೊಂಡು ಹೋದೆ, ದೂರಿಂದ ನೋಡಿ ಬಸ್ಸಿನ ಹಿಂದ ಹೋಗಿ ನಿಂತ. ನಮ್ಮವ್ವನ ಮಣ್ಣಿಗಿ ಬಂದ, ಮಣ್ಣ ಕೊಟ್ಟು ಹಂಗೇ ಹೊಳ್ಳಿ ಹೋದ. ಮನಿ ಹೊಸ್ತಿಲ ತುಳೀಲಿಲ್ಲ.”

ಇದ್ದಕ್ಕಿದ್ದಂತೆ ನನಗೊಂದು ನೆನಪು ಬಂತು. ಬರಬಾರದಿತ್ತು. ಆಗೆಲ್ಲ ಪ್ರತಿ ಹಳ್ಳಿಯಿಂದ ವಾರಕ್ಕೊಂದು ಅಚ್ಚಿನ ಕಾರ್ಡು ಬರುತ್ತಿತ್ತು: ಚಿತ್ರ ಹೇಗಿತ್ತು, ಧ್ವನಿ ಹೇಗಿತ್ತು, ಎಷ್ಟು ಜನ. ಕಥೆಯ ಕಾರ್ಡುಗಳು ನನ್ನ ಮೇಜಿಗೇ ಬರುತ್ತಿದ್ದವು.

“ಈ ಊರಿನ ಕಾರ್ಡು ಯಾರು ತುಂಬುತ್ತಿದ್ದರು?” ಎಂದೆ.

“ನಾನೇ ರೀ!” ಅವನ ಮುಖ ಮತ್ತೆ ಅರಳಿತು. “ಹಸರ ಮಸಿ ಪೆನ್ನಿತ್ತು ನನ್ನ ಬಲ್ಲಿ. ಅಣ್ಣಗ ಇನಾಮ ಸಿಗ್ಲಿ ಅಂತ ಒಮ್ಮೆ ಹಿಂದ ಮುಂದ ತುಂಬಿಸಿ ಬರದಿದ್ದೆ. ಅದು ಮುಟ್ಟಿತೋ ಇಲ್ಲೋ.”

ಮುಟ್ಟಿತ್ತು. ಹಸಿರು ಮಸಿ, ಗುಂಡು ಅಕ್ಷರ. ಮುಂದೆ ‘ಧ್ವನಿ’ ಎಂಬಲ್ಲಿ ‘ಬಂದ್’. ಹಿಂದೆ: ‘ನಮ್ಮಣ್ಣ ಆವಾಜ್ ಬಂದ್ ಮಾಡಿ ಕಥಿ ಎಲ್ಲಾ ತಾನೇ ಹೇಳ್ತಾನ. ಮಂದಿ ಬಾಳ ಖುಷಿ ಅದಾರ. ದಯಮಾಡಿ ಅವನಿಗೆ ಇನಾಮು ಕೊಡಬೇಕು.’ ಓದಿ ನನಗೆ ತಲೆ ಕೆಟ್ಟಿತ್ತು. ನಾನು ರಾತ್ರಿ ಹಗಲು ಕೂತು ಬರೆದದ್ದರ ಬಾಯನ್ನು ಯಾವನೋ ಮುಚ್ಚಿಸುತ್ತಾನೆಯೇ, ಅದಕ್ಕೆ ಇನಾಮು ಬೇರೆಯೇ? ಕಾರ್ಡಿನ ಅಂಚಿನಲ್ಲಿ ಬರೆದೆ: ‘ಇಂಥ ಉದ್ಧಟನ ಕೈಯಲ್ಲಿ ಬೀಗದಕೈ ಇರಕೂಡದು.’ ಕಡತಕ್ಕೆ ಹೋಯಿತು, ಮೇಲೆ ಹೋಯಿತು, ಏನಾಯಿತೆಂದು ನಾನು ಕೇಳಲಿಲ್ಲ. ಮರೆತೂಬಿಟ್ಟೆ, ತಿಂಡಿಯನ್ನು ಮರೆತಂತೆ.

ಗಿರಣಿಯವನ ಎದುರು ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು. “ಮುಟ್ಟಿರಬಹುದು” ಎಂದು ವ್ಯಾನು ಹತ್ತಿದೆ.

ಮರುದಿನ ಅಫಜಲಪುರ ತಾಲ್ಲೂಕಿನ, ಭೀಮಾ ನದಿಯ ಕಡೆಯ ಹಳ್ಳಿ. ತಿಂಡಿಯ ಮಾತು ಬಂದಾಗ ನಾನೇ ರಿಮೋಟು ಒತ್ತಿ ಧ್ವನಿ ತಗ್ಗಿಸಿದೆ. ಜನ ಶಾಂತವಾಗಿ ನೋಡಿದರು, ಆಕಳಿಸಿದರು. ಹಳೆಯದು ನೆನಪಿದೆಯೇ ಎಂದು ಕೇಳಿದೆ.

“ಗೊಬ್ಬರದ್ದು ನೆನಪದ. ಕಥಿ… ಬರ್ತಿತ್ತು ಏನೋ. ಆ ಹೊತ್ತಿನಾಗ ನಾವು ಎದ್ದು ಹೋಗಿ ಉಂಡು ಬರ್ತಿದ್ದೆವ್ರಿ,” ಎಂದ ಒಬ್ಬ ರೈತ. ಉಳಿದವರು ಹೌದೆಂದು ತಲೆಯಾಡಿಸಿದರು.

ಅಲ್ಲಿ ಸೆಟ್ ನೋಡಿಕೊಂಡಿದ್ದ ಹೆಡ್‌ಮಾಸ್ತರರು ನಿವೃತ್ತರಾಗಿ ಊರಲ್ಲೇ ಇದ್ದರು. ಅವರು ನನಗೆ ಕೈಕುಲುಕಿ ಅಭಿಮಾನದಿಂದ ಹೇಳಿದರು: “ನಿಮ್ಮ ಕಥಿ ಬಂದಾಗ ನಾನು ಆವಾಜ್ ಪೂರಾ ಏರಿಸಿ ಇಡ್ತಿದ್ದೆ ಸರ್. ಒಂದಿನಾನೂ ಕಡಿಮಿ ಮಾಡಿಲ್ಲ.”

ಇದಕ್ಕಿಂತ ದೊಡ್ಡ ಕಪಾಳಮೋಕ್ಷ ನನಗೆ ಯಾರೂ ಮಾಡಿಲ್ಲ. ಧ್ವನಿ ಏರಿಸಿದ ಊರಿನಲ್ಲಿ ನನ್ನ ಕಥೆ ಊಟದ ಹೊತ್ತಾಗಿತ್ತು. ಧ್ವನಿ ಬಂದ್ ಆದ ಊರಿನಲ್ಲಿ ಹದಿನಾಲ್ಕು ವರ್ಷ ಉಳಿದಿತ್ತು.

ನಿರ್ಮಾಪಕರು ಮಾತ್ರ ವ್ಯಾನಿನಲ್ಲಿ ಕುಣಿಯುತ್ತಿದ್ದರು. “ಆ ಜವಾನನನ್ನು ಹಿಡಿಯೋಣ ಸಾರ್. ಹೊಸದನ್ನೂ ಅವನ ಕೈಯಲ್ಲೇ ಹೇಳಿಸೋಣ. ಮೂರನೇ ಹಳ್ಳಿ ಗೆದ್ದರೆ ಸರಣಿ ಉಳಿಯುತ್ತೆ.” ಕಾರ್ಡಿನ ವಿಷಯ ಅವರಿಗೆ ಆಗ ಹೇಳಿದೆ. “ಅದನ್ನ ಆ ಜವಾನನಿಗೆ ಹೇಳೋ ಅಗತ್ಯ ಇಲ್ಲ,” ಎಂದರು.

ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಗಿರಣಿಯವನ ಅಣ್ಣನನ್ನು ಹುಡುಕಬೇಕಾಗಲಿಲ್ಲ, ದನಿಯೇ ಎದುರುಗೊಂಡಿತು. ದೋತರ, ಬಿಳಿ ಟೊಪ್ಪಿಗೆ, ಗಿಡ್ಡ ಆಳು. ಹೋಟೆಲಿನ ಮುಂದೆ ನಿಂತು ಬಸ್ಸುಗಳನ್ನು ಕೂಗುವುದು, ಓದು ಬಾರದವರಿಗೆ ಗಾಡಿ ತೋರಿಸುವುದು ಅವರ ಕೆಲಸ. “ಸಿಂದಗಿ, ಸಿಂದಗಿ! ಕುಂದ್ರಾಕ ಜಾಗ ಅದ, ಜಗಳಾಡಾಕ ಜಾಗಿಲ್ಲ! ಯವ್ವಾ, ನಿಂದು ಶಹಾಪುರ ಗಾಡಿ, ಇದಕ್ಕ ಹತ್ತಿದ್ರ ಅಳಿಯನ ಮನಿ ಬದಲಿ ಸೊಸಿ ತವರಮನಿ ಮುಟ್ತಿ!” ಬಸ್ಸಿನೊಳಗಿನವರೂ ನಗುತ್ತಿದ್ದರು.

ವಾರದ ಕಥೆ ಬರೆದವನು ಎಂದೊಡನೆ ನನ್ನ ಎರಡೂ ಕೈ ಹಿಡಿದುಕೊಂಡರು. “ನೀವೇನ್ರಿ! ಒಂದ್ ವರ್ಷ ನಿಮ್ಮ ಕಥಿ ಮ್ಯಾಲ ಊರಾಗ ರಾಜನಂಗ ಇದ್ದೆ ನಾ!” ಆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದಿರಲೂ ಆಗಲಿಲ್ಲ. ಧ್ವನಿ ಯಾಕೆ ತಗ್ಗಿಸಿದಿರಿ ಎಂದು ಕೇಳಿದೆ.

“ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾತು ಛಂದ ಇದ್ವು. ಖರೆ ಅವು ಬೂಟ ಹಾಕ್ಕೊಂಡು ಅಡಗಿಮನಿಗಿ ಬಂದಂಗ ಬರ್ತಿದ್ವು. ನಾ ಬಾಗಿಲಾಗ ನಿಂತು ಬೂಟ ಬಿಡಿಸಿದೆ, ಅಷ್ಟೇ ರೀ.”

ಹೊಸ ಕಥೆ ಹೇಳಲು ಒಪ್ಪಿ ಅವರು ಒಂದೇ ಷರತ್ತು ಹಾಕಿದರು: ಮೊದಲು ಒಂದು ಸಲ ಮಂದಿಯಿಲ್ಲದೆ ನೋಡಬೇಕು. ಲಾಡ್ಜಿನ ಕೋಣೆಯಲ್ಲಿ ಸೆಟ್ ಹಚ್ಚಿಕೊಟ್ಟೆವು. ರಿಮೋಟು ಕೊಟ್ಟರೆ ಬೇಡವೆಂದರು. ಸೆಟ್ಟಿಗೆ ಹತ್ತಿ ಕೂತು, ಕಣ್ಣು ಮುಚ್ಚಿ ಕಿವಿಯಲ್ಲೇ ನೋಡಿದರು. ಎರಡು ಕಡೆ “ಹಿಂದಕ್ ಒಯ್ರಿ” ಎಂದರು, ಅಷ್ಟೆ.

ನಾಲ್ಕು ಗಂಟೆಗೆ ಪಕ್ಕದ ಹಳ್ಳಿಯ ಶಾಲೆ. ಧ್ವನಿಯ ಗುಂಡಿಯ ಮೇಲೆ ಅವರ ಎರಡು ಬೆರಳು, ಕಿವಿ ಸೆಟ್ಟಿನ ಬದಿಗೆ. ಧ್ವನಿ ಇಳಿಯಿತು, ಅದರೊಂದಿಗೆ ನಾವು ಮೂರು ದಿನ ಕೂತು ಕೂಡಿಸಿದ ಹಿನ್ನೆಲೆ ಸಂಗೀತವೂ ಹೋಯಿತು. ಅವರು ಅದನ್ನು ಗುನುಗಿಕೊಂಡರು, ನೆಲದ ಮೇಲೆ ಬೆರಳು ಬಡಿದರು. ತಿಂಡಿಯ ದೃಶ್ಯ ಬಂತು. ಅಪ್ಪ ಬಾಯಿ ಆಡಿಸಿದ. “ಏನರ ಬಾಯಾಗ ಹಾಕ್ಕೊಂಡಿ ಏನವ್ವಾ, ಮುಂಜಾನಿಂದ?” ಎಂದರು ಅವರು. ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಯಿತು. ಅಷ್ಟು ಸಣ್ಣ ಮಾತು, ನನಗೇಕೆ ಹೊಳೆಯಲಿಲ್ಲ?

ಕೊನೆಯ ದೃಶ್ಯದಲ್ಲಿ ತಾಯಿ ಬಾಗಿಲಿಗೆ ಬರುತ್ತಾಳೆ. ಅಲ್ಲಿ ಅವರು ಮಾತು ನಿಲ್ಲಿಸಿಬಿಟ್ಟರು. ನಾನು ಗಾಬರಿಯಾದೆ. ಅವರ ಬೆರಳು ಆಡಿತು, ಧ್ವನಿ ಏರಿತು, ಸೆಟ್ಟಿನೊಳಗಿನ ತಾಯಿ ತನ್ನ ದನಿಯಲ್ಲೇ ಹೇಳಿದಳು: “ಬಂದಿ ಹೌದಿಲ್ಲ? ಒಳಗ ಬಾ ಮೊದ್ಲ. ಯಾಕ ಬಂದಿ ಅಂತ ಆಮ್ಯಾಲ ಕೇಳ್ತೇನಿ.” ಧ್ವನಿ ಮತ್ತೆ ಇಳಿಯಿತು. ಕೋಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮುಗಿದ ಮೇಲೆ ಅವರು ನನ್ನ ಭುಜ ತಟ್ಟಿದರು. “ಅದೊಂದು ಮಾತು ಛಲೋ ಬರದೀರಿ ನೋಡ್ರಿ. ಅದಕ್ಕ ನಾ ಕೈ ಹಚ್ಚಲಿಲ್ಲ.”

ನಾನು ಬರೆದದ್ದು ‘ಈ ಮನೆಯ ಬಾಗಿಲು ನಿನಗಾಗಿ ಸದಾ ತೆರೆದಿರುತ್ತದೆ, ಮಗಳೇ.’ ತಾಯಿಯ ಪಾತ್ರದವರು ಅಫಜಲಪುರದ ಕಡೆಯ ಹಳೆಯ ನಾಟಕ ಕಂಪನಿಯ ನಟಿ. ಚಿತ್ರೀಕರಣದಲ್ಲಿ ಅವರಿಗೆ ಸಾಲು ಮರೆತು, ಬಾಯಿಗೆ ಬಂದದ್ದು ಅಂದುಬಿಟ್ಟಿದ್ದರು. ನಾನು ಕೂಗಾಡಿದ್ದೆ. ಹೊತ್ತು ಮುಳುಗಿತ್ತು, ಮತ್ತೊಮ್ಮೆ ತೆಗೆಯಲಾಗಲಿಲ್ಲ. ಆಮೇಲೆ ಡಬ್ಬಿಂಗಿನಲ್ಲಿ ಸರಿಮಾಡೋಣ ಎಂದು ಬಿಟ್ಟದ್ದು ಹಾಗೇ ಉಳಿದಿತ್ತು. ಅರ್ಧ ಗಂಟೆಯ ಕಥೆಯಲ್ಲಿ ಆ ಮನುಷ್ಯ ಕೈ ಹಚ್ಚದೆ ಬಿಟ್ಟದ್ದು ನಾನು ಬರೆಯದ ಮಾತೊಂದನ್ನೇ.

ನಿರ್ಮಾಪಕರು ಅಲ್ಲೇ ಶಾಲೆಯ ಕಟ್ಟೆಯ ಮೇಲೆ ಒಪ್ಪಂದದ ಮಾತೆತ್ತಿದರು. ಉಳಿದ ಹನ್ನೆರಡು ಕಥೆ ಬರೆಯುವಾಗ ಜೊತೆಗಿರಬೇಕು, ಎಲ್ಲದಕ್ಕೂ ದನಿ ಕೊಡಬೇಕು, ನಾಳೆಯೇ ಸಹಿ.

“ಎಲ್ಲಿ ಕರೀತೀರಿ ಅಲ್ಲಿ ಬರ್ತೇನ್ರಿ. ನಮ್ಮೂರೊಂದು ಬಿಟ್ಟು,” ಎಂದರು ಅವರು. ನಾನು ಕೇಳದಿದ್ದರೂ ಅವರೇ ಮುಂದುವರಿಸಿದರು. “ಕಾಗದದಾಗ ಸಾಫ್ ಬರದಿದ್ರು, ‘ನಿಮ್ಮ ಗ್ರಾಮದಿಂದ ಬಂದ ಕಾರ್ಡಿನ ಮೇರೆಗೆ’ ಅಂತ. ಕಾರ್ಡ್ ಬರೀತಿದ್ದವ ನನ್ನ ತಮ್ಮ ಒಬ್ಬನೇ. ಅವಗ ಅಕ್ಷರ ಕಲಿಸಿದವ ನಾನ್ರಿ, ಮರಳಿನಾಗ ಕೈಬೆರಳ ಹಿಡಿದು ಬರಸಿ. ಅದೇ ಅಕ್ಷರದಿಂದ ನನ್ನ ಕುತ್ತಿಗಿ ಕೊಯ್ದ.”

ಅಯ್ಯೋ ದೇವರೇ ಎಂದು ಬಾಯಿಂದ ಬಂದೇಬಿಟ್ಟಿತು. ಅವರು ಅದನ್ನು ಅನುಕಂಪ ಎಂದುಕೊಂಡರು. ಆ ಕಾರ್ಡಿನ ಹಿಂಬದಿ ಓದಿದ್ದವನು ಅಲ್ಲಿ ನಾನೊಬ್ಬನೇ. ಹೊಗಳಿ ಬರೆದವನಿಗೆ ತನ್ನ ತಪ್ಪೇನೆಂದು ತಿಳಿಯದು. ಇವರಿಗೆ ಅದು ಹೊಗಳಿಕೆಯೆಂದು ತಿಳಿಯದು. ನಡುವೆ ನಾನು, ಜೇಬಿನಲ್ಲಿ ‘ಉತ್ತಮ’ ಇಟ್ಟುಕೊಂಡು.

ಲಾಡ್ಜಿಗೆ ಬಂದ ಮೇಲೆ ನಿರ್ಮಾಪಕರು ನನ್ನನ್ನು ಕೂರಿಸಿಕೊಂಡರು. “ನಾಳೆ ಸಹಿ ಆಗಲಿ ಸಾರ್. ಹದಿಮೂರೂ ಮುಗೀಲಿ. ಆಮೇಲೆ ನಿಧಾನಕ್ಕೆ ಹೇಳಿ. ಈಗ ಹೇಳಿದರೆ ಅವರು ನಮ್ಮ ಮುಖ ನೋಡ್ತಾರಾ?”

“ಹದಿನಾಲ್ಕು ವರ್ಷ ಆಗಿದೆ,” ಎಂದೆ.

“ಅದೇ ನಾನೂ ಹೇಳೋದು. ಹದಿನಾಲ್ಕು ವರ್ಷ ಆಗಿದೆ, ಇನ್ನು ಆರು ತಿಂಗಳು.”

ಅವರು ಕೆಟ್ಟವರಲ್ಲ. ಲೆಕ್ಕದಲ್ಲಿ ಅವರ ಮಾತು ತಪ್ಪೂ ಅಲ್ಲ. ನನಗೂ ಆ ಸರಣಿ ಬೇಕಿತ್ತು. ಐವತ್ತು ದಾಟಿದವನಿಗೆ ಇನ್ನೊಂದು ಅವಕಾಶ ಬರುವುದಿಲ್ಲ ಎಂದು ಗೊತ್ತಿತ್ತು. ಆದರೆ ಆ ಮನುಷ್ಯನ ದನಿಯನ್ನು ಎರಡನೆಯ ಸಲ ಕದಿಯಲು ಕೈ ಬರಲಿಲ್ಲ. ಬೆಳಿಗ್ಗೆ ನಮೂನೆ ತೆಗೆದು ‘ಉತ್ತಮ’ವನ್ನು ಹೊಡೆದುಹಾಕಿ ‘ಕಡಿಮೆ’ಗೆ ಗುರುತು ಹಾಕಿದೆ. ಕೆಳಗೆ ಷರಾ ಬರೆದೆ: ‘ಹಳೆಯದು ನಾವು ಮಾಡಿದ್ದಲ್ಲ.’ ಅದನ್ನು ನಿರ್ಮಾಪಕರ ಮೇಜಿನ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಅವರು ಇಂದಿಗೂ ನನ್ನನ್ನು ಮಾತಾಡಿಸುವುದಿಲ್ಲ. ಸರಣಿ ಬರಲಿಲ್ಲ.

ಗಿರಣಿಯವನ ಅಣ್ಣ ಆಗಲೇ ಬಸ್ಸು ಕೂಗಲು ಶುರುಮಾಡಿದ್ದರು. “ಕಲಬುರ್ಗಿ, ಕಲಬುರ್ಗಿ! ಎಂಟಕ್ಕ ಬಿಡತಾದ, ಎಂಟೂ ಹತ್ತಕ್ಕ ಬೈಕೋಂತ ಬರಬ್ಯಾಡ್ರಿ!” ನನ್ನನ್ನು ಕಂಡು ನಗುತ್ತ ಬಂದರು. ಸಹಿಗೆ ಕರೆಯಲು ಬಂದೆನೆಂದುಕೊಂಡಿರಬೇಕು. ಹೋಟೆಲಿನ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿಕೊಟ್ಟೆ. ನಾನು ಕೂರಲಿಲ್ಲ.

“ಆ ಕಾಗದ ಬರೋದಕ್ಕೆ ಕಾರಣ ನಾನು,” ಎಂದೆ. “ಕಾರ್ಡಿನ ಅಂಚಿನಲ್ಲಿ ‘ಇವನ ಕೈಯಲ್ಲಿ ಬೀಗದಕೈ ಇರಕೂಡದು’ ಅಂತ ಬರೆದವನು ನಾನು. ನಿಮ್ಮ ತಮ್ಮನಲ್ಲ.”

ಅವರಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಚಹಾದ ಬಟ್ಟಲು ಹಾಗೇ ಇತ್ತು.

“ಕಾರ್ಡ್ ಅವನೇ ಬರದಿದ್ನಲ್ರಿ.”

“ಬರೆದಿದ್ದ. ನಿಮಗೆ ಇನಾಮು ಕೊಡಿ ಅಂತ ಬರೆದಿದ್ದ.”

“ಏನಂತ?”

ಹೇಳಿದೆ. ಹಸಿರು ಮಸಿಯ ಒಂದೊಂದು ಪದವನ್ನೂ ಬರೆದದ್ದು ಬರೆದಂತೆಯೇ ಹೇಳಿದೆ. ನಮ್ಮಣ್ಣ ಆವಾಜ್ ಬಂದ್ ಮಾಡಿ ಕಥಿ ಎಲ್ಲಾ ತಾನೇ ಹೇಳ್ತಾನ. ಮಂದಿ ಬಾಳ ಖುಷಿ ಅದಾರ.

“ಮತ್ತೊಮ್ಮೆ ಹೇಳ್ರಿ.”

ಮತ್ತೊಮ್ಮೆ ಹೇಳಿದೆ.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ನನ್ನನ್ನು ನೋಡಲೇ ಇಲ್ಲ. “ನಾಕು ಸಲ ಬಂದಿದ್ದ ಅವ,” ಎಂದರು, ಯಾರಿಗೂ ಅಲ್ಲ. “ನಮ್ಮವ್ವ ಸಾಯೂ ಮುಂದ ಹೇಳಿ ಕಳಿಸಿದ್ದಳು, ತಮ್ಮನ ಸಂಗಟ ಮಾತಾಡು ಅಂತ. ನಾ ಆಕಿ ಮಾತೂ ಕೇಳಲಿಲ್ಲ.”

ಬಟ್ಟಲನ್ನು ಬೆಂಚಿನ ಮೇಲೆ ಇಡಲು ಹೋದರು, ಬೆಂಚು ಸಿಗಲಿಲ್ಲ, ಚಹಾ ನೆಲಕ್ಕೆ ಹೋಯಿತು. ಎದ್ದರು. ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ ಬಲಕ್ಕೆ ತಿರುಗಿದರು. ನಿಂತಿದ್ದ ಗಾಡಿಗಳನ್ನೆಲ್ಲ ಮೊದಲ ಸಲ ಊರಿಗೆ ಬಂದವರಂತೆ ನೋಡಿದರು. ಆಮೇಲೆ, ಹದಿನಾಲ್ಕು ವರ್ಷ ಅಲ್ಲಿಯ ಒಂದೊಂದು ಬಸ್ಸನ್ನೂ ಕೂಗಿ ಹೊರಡಿಸಿದ ಆ ಮನುಷ್ಯ ನನ್ನ ತೋಳು ಹಿಡಿದು ಕೇಳಿದರು:

“ಸಾಹೇಬ್ರ, ಆಳಂದಕ್ಕ ಹೋಗಬೇಕಂದ್ರ ಯಾವ ಗಾಡಿ ಹತ್ತಬೇಕ್ರಿ?”